ಮಾವನಿಗೆ ನಾನು ಕಟ್ಟಿದ ಎರಡನೇ ಹೆಂಡತಿ

ನಮ್ಮ ಹಿರಿಯ ಮಗಳಿಗೆ ರಾಣೆಬೆನ್ನೂರಿನಿಂದ ಸಂಬಂಧ ಬಂದಾಗ ನಾನು ಮೊದಲು ಅಲ್ಲಾಹನಿಗೆ ಕೃತಜ್ಞತೆ ಹೇಳುವ ಎರಡು ರಕಾತ್ ಶುಕ್ರಾನಾ ನಮಾಜು ಮಾಡಿದೆ. ಆಮೇಲೆ ಎದ್ದು ಓಣಿಯ ತುಂಬ ಹೇಳಿಕೊಂಡು ಬಂದೆ. ಮೊದಲನೆಯದು ಎಂದೂ ವ್ಯರ್ಥವಲ್ಲ. ಎರಡನೆಯದಕ್ಕೆ ಅವಸರ ಮಾಡಿದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾವಿದ್ದದ್ದು ಬ್ಯಾಡಗಿಯಲ್ಲಿ. ಯಜಮಾನರದು ಮೆಣಸಿನಕಾಯಿಯ ಸಣ್ಣ ವ್ಯಾಪಾರ. ಹುಡುಗನದು ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ. ನಮಾಜು ಬಿಡದವನು, ಗುಟಖಾ ಮುಟ್ಟದವನು. ಅವರ ಮೂಲ ಊರು ಮೋಟೆಬೆನ್ನೂರು, ನಮ್ಮ ಮಾವನವರದೂ ಅದೇ ಊರು. ಹುಡುಗನ ಅಜ್ಜಿ ಇನ್ನೂ ಅಲ್ಲೇ ಇದ್ದಾಳೆ, ನಿಮ್ಮ ಹಳೆಯ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ ಎಂದು ಸಂಬಂಧ ತಂದವರು ಹೇಳಿದರು. ಮಗಳು ಹುಡುಗನನ್ನು ನೋಡಿದ್ದಳು. "ನಿಮಗ ಹೆಂಗ ಸರಿ ಅನಸ್ತದೋ ಹಂಗ, ಅಮ್ಮಿ" ಅಂದವಳು ಒಳಗೆ ಹೋಗಿ ಒಲೆಯ ಮುಂದೆ ಕೂತು ಒಬ್ಬಳೇ ನಕ್ಕಳು. ತಾಯಿಗೆ ಅಷ್ಟು ಸಾಕು.

ಬೇಡ ಅಂದವರು ನಮ್ಮತ್ತೆ.

"ಆ ಮನಿ ಬ್ಯಾಡ."

"ಯಾಕ್ರಿ ಅಮ್ಮಾ?"

"ರಾಣೆಬೆನ್ನೂರ ದೂರಾತು."

ಬ್ಯಾಡಗಿಯಲ್ಲಿ ಬಸ್ಸು ಹತ್ತಿ ಕಿಟಕಿಯ ಸೀಟಿಗೆ ಜಗಳ ಮಾಡಿ ಮುಗಿಸುವುದರೊಳಗೆ ರಾಣೆಬೆನ್ನೂರು ಬಂದಿರುತ್ತದೆ. ಹಾಗೆಂದೆ. ಮರುದಿನ ಕಾರಣ ಬದಲಾಯಿತು, ಹುಡುಗನ ಮೂಗು ಉದ್ದ. "ಮೂಗಿಲೆ ಸಂಸಾರ ಮಾಡ್ತಾನೇನ್ರಿ?" ಅಂದೆ. ಅದರ ಮರುದಿನ, ಬೀಜ ಮಾರುವವರನ್ನು ನಂಬಬಾರದು, ಮೊಳಕೆ ಬರದಿದ್ದರೆ ತಪ್ಪನ್ನು ಮಳೆಯ ಮೇಲೆ ಹಾಕುತ್ತಾರೆ. ಇದರಲ್ಲಿ ಅರ್ಧ ನಿಜವಿತ್ತು. ಆದರೆ ಮಗಳು ನಗುವುದನ್ನು ಬಿಟ್ಟಿದ್ದಳು.

ಮನೆಯಲ್ಲಿ ನಮ್ಮ ಮಾತು ಉರ್ದು. ಸಿಟ್ಟು ಬಂದಾಗ ಮಾತ್ರ ಅತ್ತೆ ಕನ್ನಡಕ್ಕೆ ಇಳಿಯುತ್ತಿದ್ದರು. ಇಲ್ಲಿ ಅವರ ಮಾತೆಲ್ಲ ಕನ್ನಡದಲ್ಲೇ ಬಂದಿದೆ ಎಂದರೆ ಆ ದಿನಗಳಲ್ಲಿ ಮನೆ ಹೇಗಿತ್ತೆಂದು ಓದುವವರೇ ತಿಳಿದುಕೊಳ್ಳಬೇಕು.

ನನಗೆ ಹಳೆಯದೆಲ್ಲ ನೆನಪಾಗತೊಡಗಿತು. ಮೋಟೆಬೆನ್ನೂರು ಬ್ಯಾಡಗಿಯ ಮಗ್ಗುಲಲ್ಲೇ ಇದೆ, ಆದರೂ ನಾನು ಸೊಸೆಯಾಗಿ ಬಂದಾಗಿನಿಂದ ಅತ್ತೆ ಆ ಊರಿಗೆ ಕಾಲಿಟ್ಟದ್ದನ್ನು ಕಂಡಿಲ್ಲ. ಹೊಲವನ್ನು ಪಾಲಿಗೆ ಕೊಟ್ಟಿದ್ದರು. ಜೋಳ ಬರುತ್ತಿತ್ತು, ನಮ್ಮವರು ಹೋಗುತ್ತಿರಲಿಲ್ಲ. ಅಲ್ಲಿಂದ ಲಗ್ನದ ಕರೆ ಬಂದರೆ ಅಂದೇ ಅತ್ತೆಗೆ ಮೊಣಕಾಲು ನೋವು. ಹುಟ್ಟಿದ ಊರಿನ ಮಸೀದಿ ಯಾವ ಓಣಿಯಲ್ಲಿದೆ ಎಂಬುದೂ ಯಜಮಾನರಿಗೆ ಗೊತ್ತಿರಲಿಲ್ಲ.

ಇನ್ನೊಂದು, ನನ್ನ ಬಾಣಂತನದ್ದು. ಎಂಬತ್ತರ ಆಸುಪಾಸು. ಚೊಚ್ಚಲ ಹೆರಿಗೆಗೆಂದು ಹಾವೇರಿಗೆ, ತವರಿಗೆ ಹೋದರೆ ಅತ್ತೆ ಟ್ರಂಕು ಹಿಡಿದು ಬೆನ್ನಿಗೇ ಬಂದರು. ಹೀಗೆ ಯಾರೂ ಮಾಡುವುದಿಲ್ಲ. "ನಮ್ಮ ಮಗಳಿಗೆ ನಾವು ತುತ್ತು ಹಾಕೂದಿಲ್ಲಂತ ತಿಳದಾರೇನು?" ಎಂದು ನನ್ನ ತಾಯಿ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದಳು. ಅತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ. ಬಾಣಂತಿಯ ದಿಂಬಿನ ಕೆಳಗೆ ಕಬ್ಬಿಣ ಇರಬೇಕೆಂದು ತಾಯಿ ಚೂರಿ ಇಟ್ಟಿದ್ದಳು. ಅತ್ತೆ ಅದನ್ನು ತೆಗೆದು ಬಾಗಿಲ ಕೀಲಿ ಇಟ್ಟರು. ನಲವತ್ತು ದಿನ ನನ್ನನ್ನು ಕೂಸಿನೊಂದಿಗೆ ಒಬ್ಬಳನ್ನೇ ಬಿಡಲಿಲ್ಲ. "ನಿದ್ದಿ ಬಂತೇನವಾ? ಮನಸ್ಸಿಗೆ ಹೆಂಗನಸ್ತದ?" ಎಂದು ದಿನಾ ಕೇಳುವುದು. ಸೊಸೆಯ ಮೇಲೆ ಸಂಶಯ ಎಂದುಕೊಂಡೆ. ಚೂರಿ ಕದಿಯುವಳೆಂದೋ, ಕೂಸನ್ನೇ ಬದಲಿಸುವಳೆಂದೋ ತಿಳಿಯಲಿಲ್ಲ. ಆದರೂ ಹೊತ್ತು ಹೊತ್ತಿಗೆ ಬಿಸಿ ಊಟ, ಮೈ ಕಾಯಿಸಲು ಕೆಂಡ ಅವರ ಕೈಯಿಂದಲೇ ಬಂತು. ಅಲ್ಲಾಹನ ದಯೆ ಯಾವ ರೂಪದಲ್ಲಿ ಬಂದರೂ ತಗೊಳ್ಳಬೇಕು, ಮುಖ ಗಂಟಿಕ್ಕಿಕೊಂಡು ಬಂದರೂ.

ಇದನ್ನೆಲ್ಲ ಕೂಡಿಸಿ ನಾನೊಂದು ಕಥೆ ಕಟ್ಟಿದೆ. ಏಳನೇತ್ತೆ ಪಾಸಾದವಳು, ವಾರಪತ್ರಿಕೆಯ ಧಾರಾವಾಹಿ ಒಂದು ಕಂತೂ ಬಿಡದೆ ಓದಿದವಳು. ನನ್ನಂಥವಳಿಗೆ ಏನು ಹೊಳೆಯಬೇಕೋ ಅದೇ ಹೊಳೆಯಿತು: ತೀರಿಹೋದ ನಮ್ಮ ಮಾವನಿಗೂ ಗೋಡೆಯಾಚೆಯ ಆ ಹೆಂಗಸಿಗೂ ಏನೋ ಇತ್ತು. ಗುಟ್ಟಾಗಿ ನಿಕಾಹ್ ಕೂಡ ಆಗಿರಬೇಕು. ಹಾಗಿದ್ದರೆ ಹುಡುಗನ ತಂದೆಯೂ ನಮ್ಮ ಯಜಮಾನರೂ ಅಣ್ಣತಮ್ಮಂದಿರು! ನೋಡಲು ಬಂದ ದಿನ ಕಂಡ ಇಬ್ಬರ ಕಿವಿಗಳನ್ನೂ ಮನಸ್ಸಿನಲ್ಲೇ ಜೋಡಿಸಿ ನೋಡಿದೆ, ಒಂದೇ ನಮೂನಿ. ಕಿವಿಗಳು ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ನಮೂನಿ ಎನ್ನುವುದು ಆಗ ತಲೆಗೆ ಬರಲಿಲ್ಲ. ಎಮ್ಮೆ ಎದುರಾದರೂ ಕಣ್ಣು ತಗ್ಗಿಸಿ ನಡೆಯುತ್ತಿದ್ದ ಮನುಷ್ಯ ನಮ್ಮ ಮಾವ. ಅದೂ ನನಗೆ ಸಾಕ್ಷಿಯಾಗಿಯೇ ಕಂಡಿತು. ಏನೂ ಇಲ್ಲದವರು ಯಾಕೆ ಕಣ್ಣು ತಗ್ಗಿಸಬೇಕು?

ಯಜಮಾನರು ಉಣ್ಣುತ್ತಿದ್ದಾಗ ಹೇಳಿದೆ. ರೊಟ್ಟಿ ನೆತ್ತಿಗೇರಿತು.

"ನಮ್ಮಪ್ಪಗ? ಏ, ನಮ್ಮಪ್ಪಗ ನಮ್ಮವ್ವನ ಜೋಡಿ ಮಾತಾಡಾಕನ ಧೈರ್ಯ ಇರಲಿಲ್ಲ. ಎರಡನೇಕಿ ಎಲ್ಲಿಂದ ತರತಾನ?"

"ಮತ್ತ ಅಮ್ಮ ಯಾಕ ಬ್ಯಾಡ ಅಂತಾರ?"

ಅವರು ತಂಬಿಗೆ ಎತ್ತಿ ನೀರು ಕುಡಿದರು. ಗೆದ್ದೆನೆಂದು ನಾನು ಇನ್ನೊಂದು ರೊಟ್ಟಿ ಹಾಕಿದೆ.

ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ ಸಬರು ಕೊಡು, ತಾಳ್ಮೆ ಕೊಡು ಎಂದು ದುವಾ ಬೇಡಿಕೊಂಡು ಅತ್ತೆಯ ಹತ್ತಿರ ಹೋದೆ. ಗುಡ್ಡೆ ಮೆಣಸಿನಕಾಯಿ ಮುಂದಿಟ್ಟುಕೊಂಡು ತೊಟ್ಟು ಮುರಿಯುತ್ತ ಕೂತಿದ್ದರು. ನಾನೂ ಕೂತು ನಾಲ್ಕು ಕಾಯಿ ಮುರಿದೆ. ಆಮೇಲೆ ಅವರ ಕೈ ಹಿಡಿದುಕೊಂಡೆ. ಧಾರಾವಾಹಿಯಲ್ಲಿ ಹೀಗೇ ಹಿಡಿಯುತ್ತಾರೆ.

"ಅಮ್ಮಾ, ನನಗ ಎಲ್ಲಾ ಗೊತ್ತಾಗೇತ್ರಿ. ಮಾವನವರು ಅಲ್ಲಾಹನ ಹಂತ್ಯಾಕ ಹೋಗ್ಯಾರ. ನೀವೂ ಮಾಫ್ ಮಾಡಿಬಿಡ್ರಿ."

"ಏನ ಗೊತ್ತಾಗೇತಿ?"

"ಅದನ ರೀ. ಮೋಟೆಬೆನ್ನೂರಾಕಿದು. ಮಾವನವರ ಎರಡನೇ…"

ಅತ್ತೆ ಕೈ ಕಿತ್ತುಕೊಂಡರು. ಅವರ ಮುಖ ಕಾಯಿಗಿಂತ ಕೆಂಪಾಯಿತು.

"ಥೂ ನಿನ್ನ! ಐದು ಹೊತ್ತಿನ ನಮಾಜು ಮಾಡೂ ಬಾಯೇನ ಅದು? ಸತ್ತ ಮನಷ್ಯಾನ ಮ್ಯಾಲೆ ಹೊಲಸ ಹೊರಸ್ತೀ? ಆತ ಆಕಿ ಮಾರಿ ಕಣ್ಣೆತ್ತಿ ನೋಡಿದಾತ ಅಲ್ಲ! ಆಕಿ ನಿನ್ನ ಗಂಡಗ ಹಾಲ ಕುಡಿಸಿದಾಕಿ, ತಿಳೀತೇನು? ಹಡದಾಕಿ ನಾನು. ಕುಡಿಸಿದಾಕಿ ಆಕಿ."

ಹೇಳಿದ ಮೇಲೆ ಅವರಿಗೇ ಗೊತ್ತಾಯಿತು, ಹೇಳಿಬಿಟ್ಟೆನೆಂದು. ಬಾಯಿಗೆ ಸೆರಗು ಒತ್ತಿಕೊಂಡರು. ನಾನೂ ಬಾಯಿ ತೆರೆಯಲಿಲ್ಲ. ನನ್ನ ಮಟ್ಟಿಗೆ ಅದು ದೊಡ್ಡ ಸಾಧನೆ.

ಆಮೇಲೆ ಮೆಲ್ಲಗೆ ಹೇಳಿದರು. "ಹಡದು ಆರು ದಿನ ಆಗಿರಲಿಲ್ಲ, ಬಾಣಂತಿ ಸನ್ನಿ ಹತ್ತಿತ್ತು ನನಗ. ನಿದ್ದಿ ಇಲ್ಲ, ನೀರಡಿಕಿ ಇಲ್ಲ. ಈ ಕೂಸು ಯಾರದು ಅಂತ ಕೇಳತಿದ್ನಂತ. ದಿಂಬಿನ ಬುಡಕ ಚೂರಿ ಇತ್ತಲ್ಲ, ಅದನ್ನ ಕೈಯಾಗ ಹಿಡಕೊಂಡು ಕೂಸಿನ ಮುಂದ ಕುಂತಿದ್ದೆ. ಅದೊಂದು ನೆನಪೈತಿ. ನಾನ ಒದರಿದೆ, ಕೂಸಿನ್ನ ಒಯ್ರಿ ಅಂತ. ಗ್ವಾಡಿ ಆಚೀಕಿ ಓಡಿ ಬಂದು ಒಯ್ದಳು. ಆಕೀಗೂ ಕೈಗೂಸ ಇತ್ತು. ಒಂದ ಕಡೆ ಅದು, ಒಂದ ಕಡೆ ನಂದು."

"ಯಾಕ ಮುಚ್ಚಿಟ್ರಿ ಅಮ್ಮಾ?"

"ಹುಚ್ಚಿ ಮಗ ಅಂದ್ರ ನಿಮ್ಮಪ್ಪ ನಿನ್ನ ಕೊಡತಿದ್ದನೇನು? ನನ್ನ ಹೆಣ್ಣಮಕ್ಕಳನ್ನ ಯಾರ ಒಯ್ತಿದ್ರು? ಅದಕ್ಕ ಊರು ಬಿಟ್ವಿ. ಆಕೀಗೆ ಆಣಿ ಹಾಕಿ ಬಂದೆ, ಯಾರಿಗೂ ಹೇಳಬ್ಯಾಡ ಅಂತ. ಈಗ ಆಕಿ ಮೊಮ್ಮಗಗ ನನ್ನ ಮೊಮ್ಮಗಳನ್ನ ಹೆಂಗ ಕೊಡಲಿ? ಹಾಲಿನ ಸಂಬಂಧ. ಹರಾಮ್ ಆಗ್ತದ."

ನನಗೆ ಅಳು ಬಂತು. ಮೆಣಸಿನಕಾಯಿ ಮುರಿದ ಕೈಯಿಂದಲೇ ಕಣ್ಣು ಒರೆಸಿಕೊಂಡೆ. ಇಷ್ಟು ವರ್ಷ ಬ್ಯಾಡಗಿಯಲ್ಲಿ ಬಾಳಿದ ಹೆಂಗಸು ಮಾಡಬಾರದ ಕೆಲಸ ಅದು. ನಾನು ಕುಣಿದಾಡಿದ್ದು ಕಂಡು ಅತ್ತೆ ಅಳುತ್ತಲೇ ನಕ್ಕು, ತಾವೇ ಎದ್ದು ಕಣ್ಣಿಗೆ ನೀರು ಹಾಕಿದರು. "ಎರಡನೇ ಹೆಂಡತಿ ಅಂತ" ಅಂದು ತಲೆಗೆ ಒಂದು ಮೊಟಕಿದರು. ಅದನ್ನೂ ದಯೆಯ ಲೆಕ್ಕಕ್ಕೇ ಹಾಕಿಕೊಂಡೆ.

ನಮ್ಮಲ್ಲಿ ಒಬ್ಬ ಹೆಣ್ಣುಮಗಳ ಎದೆಹಾಲು ಕುಡಿದ ಕೂಸು ಆಕೆಯ ಮಗನೇ ಆಗುತ್ತದೆ, ಆಕೆಯ ಮಕ್ಕಳು ಅದಕ್ಕೆ ಒಡಹುಟ್ಟಿದವರು. ಅವರವರಲ್ಲಿ ಲಗ್ನವಿಲ್ಲ. ಇದು ಸಣ್ಣ ಮಕ್ಕಳಿಗೂ ಗೊತ್ತು. ಆ ತಡೆ ಎಲ್ಲಿಯವರೆಗೆ ಹೋಗುತ್ತದೆ ಎಂಬುದು ಮಾತ್ರ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಂಜೆ ಯಜಮಾನರಿಗೆ ಹೇಳಿದಾಗ ಅವರು ತಾಯಿಯ ಮುಖ ನೋಡಲಾರದೆ ಗೋಡೆ ನೋಡಿದರು. "ಹಂಗಾದ್ರ ಜಾತಕ ಕೂಡಲಿಲ್ಲ ಅಂತ ಹೇಳಿಬಿಡೂಣು" ಅಂದರು. ನಾವು ಜಾತಕ ನೋಡುವವರಲ್ಲ ಎಂಬುದನ್ನೂ ಆ ಗಾಬರಿಯಲ್ಲಿ ಮರೆತಿದ್ದರು.

ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಮಗಳು ತನ್ನ ಅಜ್ಜಿಯನ್ನು ಒಂದೇ ಮಾತು ಕೇಳಿದಳು. "ದಾದಿ, ಮೌಲಾನಾ ಸಾಹೇಬರನ್ನ ಕೇಳೀರೇನು?"

"ಕೇಳಬೇಕಂದ್ರ ಹೇಳಬೇಕಾಗ್ತದಲ್ಲ, ಬೇಟಾ."

ಮಗಳು ಹಟ ಮಾಡಲಿಲ್ಲ, ಅಳಲಿಲ್ಲ. "ಹಂಗಾದ್ರ ಬ್ಯಾಡ ಬಿಡ್ರಿ ದಾದಿ" ಎಂದು ಒಳಗೆ ಹೋಗಿ ಅಕ್ಕಿ ಆರಿಸುತ್ತ ಕೂತಳು. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತಿದ್ದಳು. ಅತ್ತೆ ಅದನ್ನು ನೋಡುತ್ತ ನೋಡುತ್ತ ಎದ್ದು ಬುರ್ಖಾ ಹಾಕಿಕೊಂಡರು.

"ನಡಿ" ಅಂದರು ನನಗೆ.

ಮೌಲಾನಾ ಸಾಹೇಬರ ಮನೆಯಲ್ಲಿ ಪರದೆಯ ಈಚೆ ನಾವಿಬ್ಬರೂ, ಆಚೆ ಅವರು. ನಾನೇ ಹೇಳುತ್ತೇನೆ ಎಂದು ಗಂಟಲು ಸರಿಮಾಡಿಕೊಂಡೆ. ಅತ್ತೆ ನನ್ನ ತೊಡೆ ಚಿವುಟಿದರು. "ನೀ ಬ್ಯಾಡ. ನೀ ಹೇಳಿದ್ರ ಅವರಿಗೂ ಎರಡನೇ ಹೆಂಡತಿ ಬರತಾಳ." ಸನ್ನಿ, ಚೂರಿ, ಹಾಲು, ಎಲ್ಲವನ್ನೂ ತಾವೇ ಹೇಳಿದರು. ನಡುವೆ ಎಲ್ಲೂ ನಿಲ್ಲಲಿಲ್ಲ.

ಆಚೆಯಿಂದ ಮಾತು ಬಂತು. "ಅಮ್ಮಾ, ಹಾಲು ಕುಡದವರು ನಿಮ್ಮ ಮಗ. ಅವರಿಗೆ ಆಕಿ ತಾಯಿ, ಆಕಿ ಹೆಣ್ಣುಮಕ್ಕಳು ಅಕ್ಕತಂಗೇರು. ಅವರನ್ನ ಲಗ್ನ ಆಗಾಕ ಬರೂದಿಲ್ಲ. ಖರೇ. ಆಕಿ ಮಗ ನಿಮ್ಮ ಮಗಗ ತಮ್ಮ ಆದ, ನಿಮ್ಮ ಮೊಮ್ಮಗಳಿಗೆ ಚಾಚಾ ಆದ. ಈ ಹುಡುಗ ಆ ಚಾಚಾನ ಮಗ. ಚಾಚಾನ ಮಗನ ಕೂಡ ಲಗ್ನ ಬ್ಯಾಡ ಅಂತ ನಮ್ಮಾಗ ಯಾರ ಹೇಳ್ಯಾರ?"

ಅತ್ತೆ ಬೆರಳು ಮಡಿಸಿ ಸಂಬಂಧ ಎಣಿಸಿದರು.

"ನನ್ನ ಲಗ್ನಾನೂ ಚಾಚಾನ ಮಗನ ಕೂಡನ ಆಗೇತ್ರಿ" ಅಂದರು ಅತ್ತೆ, ಯಾರದೋ ಸುದ್ದಿ ಹೇಳುವವರಂತೆ.

"ಮತ್ತ?"

"ಮತ್ತೇನಿಲ್ರಿ."

ದಾರಿಯುದ್ದಕ್ಕೂ ಅತ್ತೆ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದರು. ಮನೆ ಹತ್ತಿರ ಬಂದಾಗ ನಿಂತು, "ಒಂದ ಮಾತ ಕೇಳಿದ್ರ ಮುಗೀತಿತ್ತು" ಅಂದರು. ಸಮಾಧಾನ ಹೇಳಲು ಬಾಯಿ ತೆರೆದವಳು, ಅವತ್ತಿನ ಮಟ್ಟಿಗೆ ನನ್ನ ಬಾಯಿಗೆ ಕೆಲಸ ಸಾಕೆಂದು ಮುಚ್ಚಿಕೊಂಡೆ.

ಆದರೆ ಒಪ್ಪಿಗೆಯನ್ನು ಅವರಿನ್ನೂ ಕೊಟ್ಟಿರಲಿಲ್ಲ. "ಆಕಿ ಮುಂದನ ಹೂಂ ಅಂತೇನಿ. ಆಕಿ ನನ್ನ ಮಾರಿ ನೋಡಿದ್ರ." ಮುಂದಿನ ರವಿವಾರ ಅತ್ತೆ, ಯಜಮಾನರು, ನಾನು, ಮೂವರೂ ಮೋಟೆಬೆನ್ನೂರಿಗೆ ಹೋದೆವು. ಬಾಯಿ ಸಿಹಿ ಮಾಡಲೆಂದು ನಾನು ಸಕ್ಕರೆಯ ಪೊಟ್ಟಣ ಹಿಡಿದಿದ್ದೆ. ಬೇಡ ಅಂದುಬಿಟ್ಟರೆ ಚಹಾಕ್ಕಾದರೂ ಆಗುತ್ತದೆ ಎಂಬ ಲೆಕ್ಕ.

ಆ ಅಜ್ಜಿ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದಳು. ಹುಡುಗನ ತಂದೆ ಎದ್ದು ಸಲಾಂ ಹೇಳಿದರು. ಅಜ್ಜಿ ಏಳಲಿಲ್ಲ.

"ಬಂದೇನ?" ಅಂದಳು ಅತ್ತೆಗೆ.

"ಬಂದೆ."

"ಲಗೂ ಬಂದಿ ನೋಡು." ಆಮೇಲೆ ಯಜಮಾನರ ಕಡೆ ತಿರುಗಿದಳು. "ಏ, ಬಾರೋ ಇಲ್ಲೆ. ತಲಿ ಬೆಳ್ಳಗಾಗೇತಲ್ಲೋ! ಭಾಳ ಕಚ್ಚತಿದ್ದ ಇಂವ."

ಪೇಟೆಯಲ್ಲಿ ದೊಡ್ಡ ದೊಡ್ಡ ವ್ಯಾಪಾರಸ್ಥರ ಮುಂದೆ ಬಾಯಿ ಮಾಡುವ ಮನುಷ್ಯ ಶಾಲೆಯ ಹುಡುಗನಂತೆ ಹೋಗಿ ಆಕೆಯ ಕಾಲ ಬಳಿ ಕೂತರು. ಹುಡುಗನ ತಂದೆ ನಗು ತಡೆಯಲಾರದೆ ಹೊರಗೆ ಹೋದರು.

ಅತ್ತೆ ಸಣ್ಣ ದನಿಯಲ್ಲಿ ಕೇಳಿದರು, "ನೀ ಊರಾಗ ಯಾರಿಗೂ ಹೇಳಿಲ್ಲಲ್ಲ?"

"ನಾ ಯಾಕ ಹೇಳಲಿ? ಎಲ್ಲಾರಿಗೂ ಗೊತ್ತಿತ್ತು. ಎರಡ ಕೂಸಿಗೆ ಹಾಲ ಸಾಲಬೇಕಂತ ಗೌಡಶಾನಿ ದಿನಾ ಅಂಟಿನುಂಡಿ ಕಳಸ್ತಿದ್ಲು. ಕುಂಬಾರಾಕಿ ನನ್ನ ಮನಿ ನೀರು ತುಂಬತಿದ್ಲು. ಯಾರಿಗೆ ಮುಚ್ಚಿಡಲಿ?"

"ಎಲ್ಲಾರಿಗೂ? ಮತ್ತ ಯಾರೂ ಬಾಯಿ ಬಿಡಲಿಲ್ಲಲ್ಲ?"

"ನಿನ್ನ ಹೆಣ್ಣಮಕ್ಕಳ ಲಗ್ನ ಆಗಬೇಕಿತ್ತಲ್ಲ ಮಾರಾಯ್ತಿ."

ಅಂದರೆ ಒಂದು ಇಡೀ ಊರು ತಿಳಿದೂ ಸುಮ್ಮನಿತ್ತು. ಗೊತ್ತಿಲ್ಲದವರು ಜಗತ್ತಿನಲ್ಲಿ ನಮ್ಮ ಮನೆಯವರು ಮಾತ್ರ. ಅದರಲ್ಲೂ ಗೊತ್ತಿಲ್ಲದೆ ಸುಮ್ಮನಿರಲಾರದವಳು ನಾನೊಬ್ಬಳೇ.

ಅತ್ತೆ ಕೂತಲ್ಲಿಂದಲೇ ಜರುಗಿ ಅಜ್ಜಿಯ ಹತ್ತಿರ ಹೋದರು. "ಇಂವ ಮೊದಲ ಯಾವಾಗ ನಕ್ಕ?" ಎಂದು ಕೇಳಿದರು.

ಅಜ್ಜಿ ತಡವರಿಸದೆ ಹೇಳಿದಳು, ಆಡಿನ ಮರಿ ಕೂಗಿದಾಗ. ಮಗ್ಗಲು ಯಾವಾಗ ಹೊರಳಿದ? ರಾತ್ರಿ ಅಳತಿದ್ದನೇನು? ಮೊದಲ ಹಲ್ಲು ಮೇಲಿನದೋ ಕೆಳಗಿನದೋ? ಅತ್ತೆ ಕೇಳುತ್ತಲೇ ಇದ್ದರು. ಆ ತಿಂಗಳುಗಳಲ್ಲಿ ತಮ್ಮ ಕೂಸು ಹೇಗಿತ್ತೆಂದು ಅವರಿಗೆ ಗೊತ್ತಿರಲಿಲ್ಲ, ಕೇಳಲು ಯಾರೂ ಇರಲಿಲ್ಲ. ಯಜಮಾನರು ತಲೆ ತಗ್ಗಿಸಿ ತಮ್ಮದೇ ಹಲ್ಲಿನ ಸುದ್ದಿ ಕೇಳುತ್ತ ಕೂತಿದ್ದರು.

ಹುಡುಗನ ತಂದೆ ಒಳಗೆ ಬಂದು ನನ್ನ ಕಡೆ ನೋಡಿದರು. ನಾನು ಅತ್ತೆಯ ಕಡೆ ನೋಡಿದೆ. ಕೈಯಲ್ಲಿದ್ದ ಸಕ್ಕರೆಯ ಪೊಟ್ಟಣ ಬೆವರಿಗೆ ಮೆತ್ತಗಾಗಿತ್ತು. ಮನೆಯಲ್ಲಿ ಮಗಳು ಬಾಗಿಲು ಕಾಯುತ್ತಿರುತ್ತಾಳೆ.

"ಅಮ್ಮಾ" ಎಂದೆ, "ಹೂಂ ಅಂದ್ರೋ ಇಲ್ಲೋ?"

ಅತ್ತೆ ನನ್ನ ಕಡೆ ತಿರುಗಲೂ ಇಲ್ಲ. "ಅಂದೇನಿ ಬಿಡವಾ, ಸಕ್ರಿ ಹಂಚು. ಸುಮ್ನ ಕುಂದ್ರು, ಇಕಿ ಹೇಳಾಕತ್ತಾಳ."