ವಿಮಾನ ಹೋಗ್ಲಿ, ತಡೀರಿ

ಚೆನ್ನಪ್ಪ ಕಾಕಾ ಮಾತಿನ ನಡುವೆ ಬಲಗೈ ಎತ್ತಿದರೆ ನಾವೆಲ್ಲ ಬಾಯಿ ಮುಚ್ಚಿ ನಿಲ್ಲಬೇಕಿತ್ತು. ಫೆಲ್ಥಮ್‌ನ ನಮ್ಮ ಸಮುದಾಯ ತೋಟ ಏರ್‌ಪೋರ್ಟಿನ ಮಗ್ಗುಲಿಗೇ ಇದ್ದದ್ದರಿಂದ ತಲೆಯ ಮೇಲೆ ವಿಮಾನಗಳದ್ದೇ ದರ್ಬಾರು. ಉಳಿದವರು ಗಂಟಲು ಹರಿದುಕೊಂಡು ಮಾತಾಡುತ್ತಾರೆ. ಇವರು ಮಾತ್ರ "ವಿಮಾನ ಹೋಗ್ಲಿ, ತಡೀರಿ" ಎಂದು ಕೈ ಎತ್ತಿ ಕಾದು, ಬಿಟ್ಟ ಪದದಿಂದಲೇ ಮುಂದುವರಿಸುತ್ತಿದ್ದರು. ಏರ್‌ಪೋರ್ಟಿನಲ್ಲಿ ಮೂವತ್ತು ವರ್ಷ ವಿಮಾನದ ಹೊಟ್ಟೆಗೆ ಸೂಟ್‌ಕೇಸ್ ತುಂಬಿದ ಮನುಷ್ಯ. "ಅದರ ಜೋಡಿ ಒದರಾಡಿ ಯಾರೂ ಗೆದ್ದಿಲ್ಲವ್ವಾ" ಎನ್ನುತ್ತಿದ್ದರು. ಗೊಬ್ಬರ ಎಷ್ಟು ಹಾಕಬೇಕು ಎಂಬ ಒಂದು ಮಾತು ಮುಗಿಯಲು ಮೂರು ವಿಮಾನ ಹಾಯಬೇಕಿತ್ತು. ನನಗಂತೂ ತಲೆ ಚಿಟ್ಟು ಹಿಡಿಯುತ್ತಿತ್ತು.

ಗದಗಿನ ಕಡೆಯವರು. ಈ ಪರದೇಶದಲ್ಲಿ ನಮ್ಮ ಕನ್ನಡ ಗುಂಪಿಗೆ ಆ ತೋಟದಲ್ಲಿ ಒಂದು ಪಾತಿ ಕೊಡಿಸಿದ್ದು ಅವರೇ, ನಮ್ಮ ಶನಿವಾರಗಳನ್ನು ಹಾಳು ಮಾಡಿದ್ದೂ ಅವರೇ. ಪ್ರತಿ ಶನಿವಾರ ಹತ್ತು ಗಂಟೆಗೆ ಗುಂಪಿನ ಆರು ಜನ ಹಾಜರಿರಬೇಕು, ವರ್ಷದಲ್ಲಿ ಮೂರು ಸಲ ತಪ್ಪಿದರೆ ಪಾತಿ ಬೇರೆಯವರ ಪಾಲು ಎಂಬುದು ತೋಟದ ನಿಯಮ. ಬೇಸಿಗೆ ರಜೆಯಲ್ಲಿ ನಮಗೆ ಎರಡು ಸಲ ತಪ್ಪಿಹೋಗಿತ್ತು. ಅಂದಿನಿಂದ ಕಾಕಾ ಬೆಳಿಗ್ಗೆ ಏಳಕ್ಕೇ ಎಲ್ಲರಿಗೂ ಫೋನ್ ಮಾಡತೊಡಗಿದರು. "ಮಳೆ ಬರ್ತಿದೆ, ಕಾಕಾ" ಅಂದರೆ, "ಮಳೀಗೆ ಕರಗಾಕ ನೀ ಬೆಲ್ಲದ ಹೆಂಟೀ ಏನು?"

ನಮ್ಮಲ್ಲಿ ಹೆಚ್ಚಿನವರು ಬೆಂಗಳೂರಿನ ಐಟಿಯವರು. ಸಲಿಕೆ ಹಿಡಿದು ಫೋಟೊ ತೆಗೆಸಿಕೊಂಡು ಕಾಫಿಗೆ ಹೊರಡುವ ಜಾತಿ. "ಮೊದಲ ಕೈಗೆ ಮಣ್ಣ ಹತ್ತಲಿ, ಆಮ್ಯಾಲ ಫೋಟೊ" ಎಂದು ಕಾಕಾ ಫೋನುಗಳನ್ನೆಲ್ಲ ಬಕೆಟ್ಟಿನಲ್ಲಿ ಹಾಕಿಸುತ್ತಿದ್ದರು. ಒಮ್ಮೆ ನಾನು ಟೇಪು ಹಿಡಿದು ಅಳೆದು ಸಾಲಾಗಿ ಮೆಂತ್ಯ ಬಿತ್ತಿದೆ. ಬಂದು ಬೆರಳಿಟ್ಟು ನೋಡಿದವರೇ, "ಇಷ್ಟ್ ಆಳಕ್ಕ ಯಾರನ್ನ ಹೂಳಾಕ ಹೊಂಟೀಯವಾ?" ಎಂದು ಇಡೀ ಸಾಲನ್ನು ಕೆದರಿ ಹಾಕಿದರು. ಒಂದು ಗಂಟೆಯ ಕೆಲಸ ಮಣ್ಣುಪಾಲು! ಸಿಟ್ಟಿನಿಂದ ಮನೆಗೆ ಹೊರಟವಳನ್ನು ತಡೆದದ್ದು ಅವರ ಬುತ್ತಿ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಜೊತೆಗೆ ಪಾತಿಯಿಂದ ಆಗಷ್ಟೇ ಕಿತ್ತು ತೊಳೆದ ಹಸಿ ಮೆಂತ್ಯ. "ಅಂಗಡ್ಯಾಗಿನದು ಪ್ಲಾಸ್ಟಿಕ್ಕಿನಾಗ ಬೆವತಿರತೈತಿ. ಹಸೀದು ತಿನ್ನಾಕ ಬರೂದಿಲ್ಲ. ಅದಕ್ಕ ಈ ಪಾತಿ ನಮಗ ಬೇಕು" ಎಂದರು. ನಾನು ಮುಖ ಊದಿಸಿಕೊಂಡೇ ಎರಡು ರೊಟ್ಟಿ ತಿಂದೆ.

ಸೆಪ್ಟೆಂಬರಿನ ಒಂದು ಶನಿವಾರ ಧೋ ಎಂದು ಮಳೆ. ಕಾಕಾ ಸೇರಿ ಐದೇ ಜನ. ಹಾಜರಿ ಬರೆಯುವ ಜಾನೆಟ್ ಕೊಡೆ ಹಿಡಿದು ನಮ್ಮ ಕಡೆಗೇ ಬರುತ್ತಿದ್ದಳು. ಕಾಕಾ ಪಕ್ಕದ ಪಾತಿಯಲ್ಲಿ ಮೂಲಂಗಿ ಕೀಳುತ್ತಿದ್ದ ಹರ್ಜೀತ್ ಸಿಂಗ್‌ರನ್ನು ರಟ್ಟೆ ಹಿಡಿದು ಎಳೆತಂದು ನಮ್ಮ ನಡುವೆ ನಿಲ್ಲಿಸಿ, ಕಿವಿಯಲ್ಲಿ ಒಂದೇ ಒಂದು ಪದ ಹೇಳಿಕೊಟ್ಟರು. ಜಾನೆಟ್ ಹತ್ತಿರ ಬಂದಳು. ಸರ್ದಾರ್ಜಿ ಎರಡೂ ಕೈ ಜೋಡಿಸಿ, "ನಮಸ್ಕಾರ್ರೀ!" ಎಂದರು. ಅವಳು ಬಿದ್ದು ಬಿದ್ದು ನಕ್ಕು ಆರು ಎಂದು ಬರೆದುಕೊಂಡಳು.

"ಇದು ಮೋಸ ಅಲ್ವಾ ಕಾಕಾ?" ಎಂದೆ.

"ಅವ ಮೆಂತ್ಯಾ ತಿಂತಾನ, ನಾವೂ ತಿಂತೀವಿ. ಮೋಸ ಎಲ್ಲಿಂದ ಬಂತು?"

ಅದಾಗಿ ಎರಡು ವಾರಕ್ಕೆ ನಾನು ಮಗಳ ಈಜು ಕ್ಲಾಸಿಗೆ ತಡವಾಯಿತೆಂದು ಕಾರಿನತ್ತ ಓಡುತ್ತಿದ್ದೆ. ಕಾಕಾ ಕರೆದು ನಿಲ್ಲಿಸಿದರು. "ನೋಡವಾ, ನಾಳೆ ನಾ ಇರದಿದ್ರ ಮುಂಜಾನೆ ನೀನ..." ಅಷ್ಟರಲ್ಲಿ ವಿಮಾನ ಬಂತು. ಕೈ ಮೇಲೆದ್ದಿತು. ನನಗೆ ರೇಗಿತು. "ಮುಂದಿನ ವಾರ ಹೇಳಿ ಕಾಕಾ!" ಎಂದು ಕೂಗಿ ಹೊರಟುಬಿಟ್ಟೆ. ಆ ಸದ್ದಿನಲ್ಲಿ ಅವರಿಗದು ಕೇಳಿಸಿರಲಿಕ್ಕಿಲ್ಲ. ಕಾರು ತಿರುಗಿಸುವಾಗ ನೋಡಿದರೆ ಇನ್ನೂ ಕೈ ಎತ್ತಿಕೊಂಡೇ ನಿಂತಿದ್ದರು.

ಗುರುವಾರ ಅವರ ಮಗ ಫೋನ್ ಮಾಡಿದ. ನಿದ್ದೆಯಲ್ಲೇ ಹೃದಯ ನಿಂತಿತ್ತಂತೆ.

ಆ ಶನಿವಾರ ಯಾರ ಫೋನೂ ಬರಲಿಲ್ಲ. ಎಂಟೂವರೆವರೆಗೆ ಮಲಗಿದ್ದೆ. ಎದ್ದಾಗ ಮೊದಲು ಆದದ್ದು ನಿರಾಳ, ಆಮೇಲೆ ನಾಚಿಕೆ. ತೋಟಕ್ಕೆ ಹೋದರೆ ನಾವು ಐದೇ ಜನ. ಜಾನೆಟ್ ಹಾಜರಿ ಹಿಡಿದು ಬಂದಳು. ಇವತ್ತಿಗೆ ಪಾತಿ ಹೋಯಿತು ಅಂದುಕೊಂಡೆ. ಯಾರೂ ಕರೆಯದೆ ಹರ್ಜೀತ್ ಸಿಂಗ್ ಗುದ್ದಲಿ ಬಿಟ್ಟು ಬಂದು ನಮ್ಮ ಸಾಲಿನ ತುದಿಯಲ್ಲಿ ನಿಂತರು. ಕೈ ಜೋಡಿಸಿ, "ನಮಸ್ಕಾರ್ರೀ" ಎಂದರು. ಅದೇ ಗದಗಿನ ಎಳೆತ. ಈ ಸಲ ಜಾನೆಟ್ ನಗಲಿಲ್ಲ. ಆರು ಎಂದು ಬರೆದುಕೊಂಡು ಹೋದಳು. ಸತ್ತ ಮೇಲೂ ನಮ್ಮನ್ನು ಬಿಡಲಿಲ್ಲವಲ್ಲ ಈ ಮನುಷ್ಯ ಎಂದು ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು.

ಮುಂದಿನ ಶನಿವಾರ ಬೆಳಿಗ್ಗೆ ಏಳಕ್ಕೆ ಎಲ್ಲರಿಗೂ ನಾನೇ ಫೋನ್ ಮಾಡಿದೆ. ಒಬ್ಬೊಬ್ಬರೂ ನನ್ನನ್ನು ಬೈದುಕೊಂಡೇ ಎದ್ದರು.