ಅಕ್ಕನನ್ನು ತುಳಿಯಲು ಕಲಿತದ್ದು

ಇಂದು ಬೆಳಿಗ್ಗೆ ಮೆಟ್ರೊದಲ್ಲಿ ನನ್ನ ಕಾಲು ಪಕ್ಕದಲ್ಲಿ ಕೂತಿದ್ದವರ ಕಾಲಿಗೆ ತಾಗಿತು. ನಾನು ಯೋಚಿಸುವ ಮೊದಲೇ ಕೈ ಅವರ ಮೊಣಕಾಲು ಮುಟ್ಟಿ ನನ್ನ ಕಣ್ಣಿಗೆ ಬಂದಿತ್ತು. ಅವರು ಫೋನಿನಿಂದ ತಲೆಯೆತ್ತಿ, “ಇರ್ಲಿ ಬಿಡಿ ಸರ್” ಎಂದರು. ನಾನು ನಕ್ಕೆ. ಅದು ಅವರಿಗೆ ವಿಚಿತ್ರವಾಗಿ ಕಂಡಿರಬೇಕು. ನಿಮಗಾದರೂ ಕಾರಣ ಹೇಳಿಬಿಡುತ್ತೇನೆ. ಅದಕ್ಕೆ ನೈರೋಬಿಯವರೆಗೆ ಹೋಗಬೇಕಾಗುತ್ತದೆ.

೨೦೧೪ರಲ್ಲಿ ಪತ್ರಿಕೆಗೆ ಒಂದು ತಿಂಗಳು ರಜೆ ಹಾಕಿ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕ ಅಲ್ಲಿನ ಶಾಲೆಯೊಂದರಲ್ಲಿ ಗಣಿತದ ಟೀಚರ್, ಭಾವ ಬ್ಯಾಂಕಿನಲ್ಲಿ. ಸೌತ್ ಬಿ ಎಂಬ ಬಡಾವಣೆಯಲ್ಲಿ ಮನೆ. ನಾನು ಬಂದ ಮಧ್ಯಾಹ್ನವೇ ಅಕ್ಕ ಊಟದ ತಟ್ಟೆಯ ಪಕ್ಕ ಒಂದು ಹಾಳೆ ಇಟ್ಟಳು. “ಇಂಗ್ಲಿಷ್ ಸ್ವಲ್ಪ ನೋಡ್ಕೊಡು. ಟರ್ಮ್ ಮುಗಿಯೋದ್ರೊಳಗೆ ಕೊಡ್ಬೇಕು.” ಅದು ಅವಳ ರಾಜೀನಾಮೆ ಪತ್ರ. ಇಪ್ಪತ್ತು ವರ್ಷ ನಿಂತೇ ಪಾಠ ಮಾಡಿದ ಕಾಲುಗಳು ಸೋತಿದ್ದವು. ಬೆಳಿಗ್ಗೆ ಹಾಸಿಗೆಯಿಂದ ಅಡುಗೆಮನೆಗೆ ಗೋಡೆ ಹಿಡಿದು ಹೋಗುತ್ತಿದ್ದಳು. ಡಾಕ್ಟರು ಮುರಿದದ್ದೇನೂ ಇಲ್ಲ, ಸ್ನಾಯು ಬಿಗಿದಿದೆ ಎಂದಿದ್ದರಂತೆ. ಕುರ್ಚಿಯಲ್ಲಿ ಕೂತು ಪಾಠ ಮಾಡು ಎಂದರೆ, “ಬೋರ್ಡು ನೆಲದ ಮೇಲಿದ್ಯೇನೋ?” ಎನ್ನುತ್ತಿದ್ದಳು.

ಸುದ್ದಿಮನೆಯಲ್ಲಿ ಹದಿನೈದು ನಿಮಿಷಕ್ಕೆ ಒಂದು ಪುಟ ತಿದ್ದಿ ಮುಗಿಸುತ್ತಿದ್ದ ನನಗೆ ಆ ಹನ್ನೊಂದು ಸಾಲು ಕೈಗೆ ಹತ್ತಲಿಲ್ಲ. “ತಿದ್ದೋದು ಬಹಳ ಇದೆ ಅಕ್ಕ, ಟೈಮ್ ಬೇಕು” ಎಂದು ಹಾಳೆಯನ್ನು ಪೆಟ್ಟಿಗೆಯ ತಳಕ್ಕೆ ಹಾಕಿದೆ. ಅದರಲ್ಲಿ ತಿದ್ದುವಂಥದ್ದು ಒಂದೇ ಒಂದು ಅಲ್ಪವಿರಾಮವಿತ್ತು.

ಆ ವಾರವೇ ಕಿಲಿಮಾನಿ ಬಡಾವಣೆಯ ಅಂಗಡಿಯೊಂದರ ಬಾಗಿಲಲ್ಲಿ ಚೀಟಿ ಕಂಡಿತು. ಮೂರು ವಾರದಲ್ಲಿ ಸಾಂಪ್ರದಾಯಿಕ ಥಾಯ್ ಮಸಾಜ್ ಕಲಿಸಲಾಗುವುದು. ಸೇರಿಕೊಂಡೆ. ಭಾವ ಪೇಪರಿನಿಂದ ತಲೆಯೆತ್ತದೆ, “ಜನರ ವಾಕ್ಯ ಮುರಿದದ್ದು ಸಾಲದೂಂತ ಸಾಹೇಬ್ರು ಮೂಳೆಗೆ ಕೈ ಹಾಕಿದ್ರು” ಎಂದರು. ಎಲ್ಲರೂ ನೈರೋಬಿಗೆ ಸಿಂಹ ನೋಡಲು ಬರುತ್ತಾರೆ. ನಾನು ದಿನಾ ಮಟಾಟು ಎನ್ನುವ ಎರಡು ಮಿನಿಬಸ್ಸು ಬದಲಿಸಿ, ಅವುಗಳ ಹಾಡಿಗೆ ಕಿವುಡಾಗಿ, ಕಿಲಿಮಾನಿಯ ಫ್ಲ್ಯಾಟಿನ ಸೂರು ನೋಡುತ್ತ ಮಲಗಲು ಹೋದೆ. ಮಲಗದೆ ಬೇರೆಯವರಿಗೆ ಒತ್ತುವುದು ಬರುವುದಿಲ್ಲ ಎಂಬುದು ಆ ವಿದ್ಯೆಯ ಮೊದಲ ನಿಯಮ.

ಕಲಿಸುತ್ತಿದ್ದವರು ಥಾಯ್ಲೆಂಡಿನ ಕ್ರು ಪಿಮ್. ಕ್ರು ಎಂದರೆ ಅವರಲ್ಲಿ ಗುರು. ಐವತ್ತು ದಾಟಿದ, ನನ್ನ ಭುಜಕ್ಕೂ ಬಾರದ ಹೆಂಗಸು. ಇದರಲ್ಲಿ ಎಣ್ಣೆಯಿಲ್ಲ. ಸಡಿಲ ಬಟ್ಟೆ ತೊಟ್ಟವರನ್ನು ನೆಲದ ಚಾಪೆಯ ಮೇಲೆ ಮಲಗಿಸಿ, ಮೊದಲು ಕೈಮುಗಿದು, ಪಾದದಿಂದ ಶುರುಮಾಡಬೇಕು. ನಾನು ನೋಟ್‌ಬುಕ್ ತೆಗೆದೆ. ಅವರು ಅದನ್ನು ಕಿತ್ತು ಕಿಟಕಿಯ ಮೇಲಿಟ್ಟರು. “ಹೆಬ್ಬೆರಳಲ್ಲಿ ಬರೆದುಕೋ.”

ಜೊತೆಗಾರ ಒಟಿಯೆನೊ, ಜಿಮ್ಮಿನಲ್ಲಿ ಕಸರತ್ತು ಕಲಿಸುವವನು, ಬಾಗಿಲಿನಷ್ಟು ಅಗಲದ ಆಸಾಮಿ. ಹೆಬ್ಬೆರಳ ಕೆಲಸ ಇಬ್ಬರಿಗೂ ಬಂತು. ಐದನೆಯ ದಿನ ಪಾದದ ಕೆಲಸ ಬಂತು. ಮಲಗಿದವರ ಕಾಲು ಮಡಿಸಿ, ಹಿಮ್ಮಡಿ ಹಿಡಿದು, ತೊಡೆಯ ಹಿಂಭಾಗವನ್ನು ನಮ್ಮ ಪಾದದಿಂದ ಹೆಜ್ಜೆ ಹೆಜ್ಜೆಯಾಗಿ ತುಳಿಯಬೇಕು. ನಾನು ಒಂದು ಹೆಜ್ಜೆ ತುಳಿದೆ, ಕೂಡಲೇ ಒಟಿಯೆನೊನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಇನ್ನೊಂದು ಹೆಜ್ಜೆ, ಇನ್ನೊಮ್ಮೆ ಕಣ್ಣಿಗೆ. ನನಗೆ ಅದರ ಅರಿವೇ ಇರಲಿಲ್ಲ. ಮರುದಿನ ಒಟಿಯೆನೊ ಕ್ರು ಪಿಮ್ ಅವರಿಗೇ ಮಾಡಿ ತೋರಿಸುವಾಗ ಗಂಭೀರವಾಗಿ ತುಳಿದು, ಮುಟ್ಟಿ, ಎರಡೂ ಕಣ್ಣಿಗೊತ್ತಿಕೊಂಡ.

ಕ್ರು ಪಿಮ್ ಎದ್ದು ಕೂತರು. “ಇದೇನು?”

“ಏಳನೇ ಸ್ಟೆಪ್, ಟೀಚರ್. ನನ್ನ ರಫೀಕಿ, ಈ ಗೆಳೆಯ, ಮಾಡಿದ್ದು ನೋಡಿ ಕಲಿತೆ. ಕಣ್ಣಿಗೆ ಒಳ್ಳೇದಲ್ವಾ?”

ನಾನು ನಾಚಿಕೊಂಡು ವಿವರಿಸಿದೆ: ನಮ್ಮಲ್ಲಿ ಯಾರಿಗಾದರೂ ಕಾಲು ತಾಗಿದರೆ ತಪ್ಪು, ಹಾಗೆ ಕ್ಷಮೆ ಕೇಳುವುದು. ಕ್ರು ಪಿಮ್ ನಗಲಿಲ್ಲ. “ನಮ್ಮಲ್ಲೂ ಕಾಲು ಕೀಳೇ. ಅದಕ್ಕೇ ಮೊದಲು ಕೈ ಮುಗಿಯೋದು. ಆಮೇಲೆ ಕಾಲೂ ಕೈಯೇ. ನೀನು ಹೆಜ್ಜೆಗೊಂದು ಸಲ ಕ್ಷಮೆ ಕೇಳಿದರೆ, ಮಲಗಿದವರು ನೋವು ಬಿಟ್ಟು ನಿನ್ನನ್ನು ಸಮಾಧಾನ ಮಾಡ್ತಾ ಇರಬೇಕು.”

ಸುದ್ದಿಮನೆಯಲ್ಲಿ ಇಷ್ಟು ಚೊಕ್ಕವಾಗಿ ನನ್ನನ್ನು ಯಾರೂ ತಿದ್ದಿರಲಿಲ್ಲ. ಒಟಿಯೆನೊನ ಮೇಲೆ ಅಭ್ಯಾಸ ಮಾಡಿ ಕೈಯನ್ನು ಹೇಗೋ ಹದ್ದುಬಸ್ತಿನಲ್ಲಿಟ್ಟೆ.

ಕೊನೆಯ ದಿನ ಪ್ರತಿಯೊಬ್ಬರೂ ಮನೆಯಿಂದ ಒಬ್ಬರನ್ನು ಕರೆತಂದು ಪೂರ್ತಿ ಮಸಾಜ್ ಮಾಡಬೇಕಿತ್ತು. ಏಳನೇ ಸ್ಟೆಪ್ಪಿನ ಕಥೆಯನ್ನು ನನ್ನಿಂದ ಕೇಳಿದ್ದ ಅಕ್ಕ ಅರ್ಧ ದಿನ ರಜೆ ಹಾಕಿ ಚೂಡಿದಾರದಲ್ಲಿ ಬಂದು ಮಲಗಿದಳು. ಕೈಮುಗಿದೆ. ಪಾದ, ಮೀನಖಂಡ ಎಲ್ಲ ಸರಿಹೋಯಿತು. ತೊಡೆಯ ಸರದಿ ಬಂದಾಗ ನನ್ನ ಕಾಲು ಗಾಳಿಯಲ್ಲೇ ನಿಂತಿತು. ನನಗೆ ಮಗ್ಗಿ ಕಲಿಸಿದವಳು ಇವಳು.

“ಯಾಕೋ ನಿಲ್ಲಿಸ್ದೆ?”

“ನಿನ್ನನ್ನ ಕಾಲಲ್ಲಿ... ಆಗ್ತಿಲ್ಲ ಅಕ್ಕ.”

“ಅಪ್ಪ ಕೆಲ್ಸದಿಂದ ಬಂದು ಬೋರಲು ಮಲಗಿದ್ರೆ ಬೆನ್ನು ತುಳೀತಿದ್ದೋರು ಯಾರೋ? ನಾನು ಗೋಡೆ ಹಿಡ್ಕೊಂಡು, ನೀನು ನನ್ನ ಲಂಗ ಹಿಡ್ಕೊಂಡು. ಕುಣೀತಿದ್ದೆ ನೀನು! ಆಗ ಹೆಜ್ಜೆಗೊಂದ್ಸಲ ಕಣ್ಣಿಗೊತ್ಕೊಂಡ್ಯಾ?”

“ಎಲ್ಲಾ ಆದ್ಮೇಲೆ ಒಂದ್ಸಲ ಕಾಲು ಮುಟ್ಟಿ ನಮಸ್ಕಾರ ಮಾಡ್ತಿದ್ವಿ.”

“ಹಾಗೇ ಮಾಡು. ಈಗ ತುಳಿ. ಮೂರು ಗಂಟೆಗೆ ಪೇರೆಂಟ್ಸ್ ಮೀಟಿಂಗ್ ಇದೆ ನಂಗೆ.”

ತುಳಿದೆ. ಅಕ್ಕ ಹಲ್ಲು ಕಚ್ಚಿದಳು, ಆಮೇಲೆ ನಿಧಾನವಾಗಿ ಉಸಿರು ಬಿಟ್ಟಳು. ಮುಗಿದ ಮೇಲೆ ಅವಳ ಕಾಲಿಗೆ ನಮಸ್ಕರಿಸಿದೆ. ಅವಳು ಹೇಳಿದ್ದನ್ನು ಕ್ರು ಪಿಮ್‌ಗೆ ಇಂಗ್ಲಿಷಿನಲ್ಲಿ ತಿಳಿಸಿದಾಗ, “ಮೂರು ವಾರ ನಿನಗೆ ಬರುವುದನ್ನೇ ಕಲಿಸಿದೆನಾ!” ಎಂದು ಹಣೆ ಬಡಿದುಕೊಂಡರು.

ಮಸಾಜಿನಿಂದ ಕಾಯಿಲೆ ಹೋಯಿತು ಎಂದು ಯಾರಾದರೂ ಬರೆದು ತಂದರೆ ನಾನು ಪುರಾವೆ ಕೇಳುವವನು. ಆದ್ದರಿಂದ ಕಣ್ಣಾರೆ ಕಂಡದ್ದಷ್ಟನ್ನೇ ಹೇಳುತ್ತೇನೆ: ಮರುದಿನ ಬೆಳಿಗ್ಗೆ ಅಕ್ಕ ಗೋಡೆ ಮುಟ್ಟದೆ ಅಡುಗೆಮನೆಗೆ ಹೋದಳು. ಉಳಿದ ದಿನಗಳಲ್ಲಿ ಭಾವನಿಗೆ ಕಲಿಸಿದೆ. ಅವರು ಚಾಪೆಯ ಮುಂದೆ ಕೈಮುಗಿದು ಎಷ್ಟು ಹೊತ್ತು ಕೂತರೆಂದರೆ, ಮದುವೆಯಾದಾಗಿನಿಂದ ಮಾಡಿದ ತಪ್ಪೆಲ್ಲ ಅದರಲ್ಲಿ ಸೇರಿರಬೇಕು. ಏರ್‌ಪೋರ್ಟಿನಲ್ಲಿ ಅಕ್ಕ ಕೇಳಿದಳು: “ಆ ಲೆಟರ್ ತಿದ್ದಿದ್ಯೇನೋ?”

“ಇನ್ನೂ ಇಲ್ಲ.”

“ಇರ್ಲಿ ಬಿಡು. ಮುಂದಿನ ಟರ್ಮ್ ನೋಡೋಣ.”

ಅಂಥ ಮುಂದಿನ ಟರ್ಮುಗಳು ಬಹಳ ಬಂದವು. ಅಕ್ಕ ವಯಸ್ಸಿಗೆ ಸರಿಯಾಗಿ, ಹೋದ ವರ್ಷ ನಿವೃತ್ತಳಾದಳು. ಪತ್ರ ನನ್ನ ಮೇಜಿನ ಖಾನೆಯಲ್ಲೇ ಇದೆ, ಅಲ್ಪವಿರಾಮ ತಪ್ಪಾದ ಜಾಗದಲ್ಲೇ ಇದೆ.

ಮೊನ್ನೆ ಅವಳು ಬೆಂಗಳೂರಿಗೆ ಬಂದಿದ್ದಾಳೆ. ಇಂದು ಸಂಜೆ ನಾನು ಮೆಟ್ರೊ ಇಳಿದು ಮನೆಗೆ ಬಂದಾಗ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದಳು. ಕಾಲು ತೊಳೆದು ಬಂದು ಕೈಮುಗಿದು ಕೂತೆ. ಬೆಳಿಗ್ಗೆಯದನ್ನು ನೆನೆದು ಮತ್ತೆ ನಗು ಬಂತು.

“ಎಷ್ಟೊತ್ತು ಕೈ ಮುಗೀತೀಯೋ? ನಾನೇನು ದೇವ್ರಾ?”

ಹಿಮ್ಮಡಿ ಹಿಡಿದು ತುಳಿಯತೊಡಗಿದೆ.