ಮಡಿಸಿದ ಬೆರಳು

ಮೊನ್ನೆ ಸಂಜಯನಗರದ ಮಗಳ ಮನೆಯಲ್ಲಿ ಕಪ್ಪು ದ್ರಾಕ್ಷಿ ತಂದಿಟ್ಟಿದ್ದರು. ಬೀಜದ ದ್ರಾಕ್ಷಿ, ದಪ್ಪ ಸಿಪ್ಪೆ, ಬಾಯಿಗಿಟ್ಟರೆ ಮೊದಲು ಸಿಹಿ, ಆಮೇಲೆ ಹುಳಿ. ಮೇಲಿನ ಕಾಗದ ಸರಿಸಿದ ಕೂಡಲೇ ಎದ್ದ ಆ ಘಮಕ್ಕೆ ಅಮೃತಹಳ್ಳಿಯ ನಮ್ಮ ಮನೆ, ಹಿತ್ತಲಿನ ಚಪ್ಪರ, ಅದರ ಕೆಳಗಿನ ತಣ್ಣನೆಯ ಮಣ್ಣು, ಕೆಮ್ಮುತ್ತ ಓಡಾಡುವ ತಾತ, ಎಲ್ಲವೂ ಒಟ್ಟಿಗೆ ನೆನಪಾದವು. ಪಕ್ಕದಲ್ಲಿ ಮೊಮ್ಮಗಳು ಇಂಗ್ಲಿಷ್ ವ್ಯಾಕರಣದ ಪುಸ್ತಕ ಹಿಡಿದು ಮುಖ ಊದಿಸಿಕೊಂಡಿದ್ದಳು. "ಅಜ್ಜಿ, ದಿಸ್ ಅನ್ನೋದು ಪ್ರೊನೌನೋ ಡಿಟರ್ಮಿನರೋ, ಹೇಗೆ ಕಂಡುಹಿಡಿಯೋದು?" ಎಂದಳು. ಡಿಟರ್ಮಿನರ್ ಎಂಬ ಹೆಸರನ್ನೇ ನಾವು ಶಾಲೆಯಲ್ಲಿ ಕೇಳಿರಲಿಲ್ಲ. ನಮ್ಮ ಪುಸ್ತಕ ಅದನ್ನೂ ಅಡ್ಜೆಕ್ಟಿವ್ ಗುಂಪಿಗೇ ತಳ್ಳಿತ್ತು. ಹೆಸರು ಏನಾದರೂ ಇರಲಿ, ಪಾಠ ನನಗೆ ಗೊತ್ತಿತ್ತು. ಒಂದು ಗೊಂಚಲನ್ನು ಅಂಗೈಯಲ್ಲಿಟ್ಟುಕೊಂಡು "ದಿಸ್ ಬಂಚ್ ಈಸ್ ಸ್ವೀಟ್" ಎಂದೆ. ಅದನ್ನು ಕೆಳಗಿಟ್ಟು, ತೋರುಬೆರಳನ್ನು ಮಡಿಸಿ ಅದರತ್ತ ತೋರಿಸಿ, "ದಿಸ್ ಈಸ್ ಸ್ವೀಟ್" ಎಂದೆ. ವಸ್ತುವಿನ ಹೆಸರನ್ನು ಹಿಂದೆಯೇ ಕರೆದುಕೊಂಡು ಬಂದರೆ ಡಿಟರ್ಮಿನರ್. ಆ ಹೆಸರಿನ ಜಾಗದಲ್ಲಿ ತಾನೇ ನಿಂತರೆ ಪ್ರೊನೌನ್. ಹುಡುಗಿಗೆ ಪಾಠ ತಿಳಿಯಿತು. ಬೆರಳನ್ನೇಕೆ ಮಡಿಸಿದೆ ಎಂಬುದು ಮಾತ್ರ ತಿಳಿಯಲಿಲ್ಲ.

ಆ ಪಾಠ ನನ್ನದಲ್ಲ, ಶೇಷತ್ತೆಯದು. ಅಪ್ಪನ ಕೊನೆಯ ತಂಗಿ ಅವಳು. ಐವತ್ತರ ದಶಕದ ಕೊನೆಯಲ್ಲಿ ನಮ್ಮೂರ ಶಾಲೆಗೆ ಹಂಗಾಮಿ ಟೀಚರ್ ಆಗಿ ಸೇರಿದ್ದಳು. ನಾನು ಅವಳ ತರಗತಿಯಲ್ಲೇ ಇದ್ದೆ. ಯಲಹಂಕದಿಂದ ಅವಳಿಗೆ ಒಂದು ಸಂಬಂಧ ಬಂದಿತ್ತು. ಹೆಂಡತಿ ಸತ್ತ ಗಂಡು, ಇಬ್ಬರು ಮಕ್ಕಳು, ಒಳ್ಳೆಯ ಜಮೀನು. ಸೊಸೆ ಕೆಲಸಕ್ಕೆ ಹೋಗಕೂಡದು ಎಂದು ಅವರು ಮೊದಲೇ ಹೇಳಿದ್ದರು. ಅತ್ತೆ ಊಟ ಬಿಟ್ಟು ಕೂತಳು. ಕೊನೆಗೆ ತಾತ ಒಂದು ಮಾತು ಹೇಳಿದ: "ಇನ್‌ಸ್ಪೆಟ್ರು ಬಂದು ಪಾಠ ನೋಡ್ತಾರಂತಲ್ಲ, ಕಾಯಂ ಮಾಡುದ್ರೆ ಇರು. ಇಲ್ದಿದ್ರೆ ಯಲಹಂಕದೋರಿಗೆ ಊಂ ಅಂತೀನಿ."

ಅಂದಿನಿಂದ ಅತ್ತೆಯ ತಯಾರಿ ದ್ರಾಕ್ಷಿ ಚಪ್ಪರದ ಕೆಳಗೆ ನಡೆಯಿತು. ಹಣ್ಣು ಬಿಡಿಸುವ ಕೆಲಸ ನಿಲ್ಲಿಸುವಂತಿರಲಿಲ್ಲ, ಓದೂ ಆಗಬೇಕಿತ್ತು. ಕೈಯಲ್ಲಿ ಹಿಡಿದ ಬುಟ್ಟಿ "ದಿಸ್ ಬಾಸ್ಕೆಟ್". ದೂರದಲ್ಲಿ ತೂಗುವುದು ಬರೀ "ದಟ್". ತೋರಿಸುವಾಗ ಮಾತ್ರ ಬೆರಳು ಮಡಿಸಲೇಬೇಕು, ಅದು ತಾತನ ಕಟ್ಟುನಿಟ್ಟು. ಹೀಚುಕಾಯಿಗೆ ಬೆರಳು ಮಾಡಿ ತೋರಿಸಿದರೆ ಕಾಯಿ ಕೊಳೆತುಹೋಗುತ್ತದೆ ಎಂದು ನಮ್ಮಲ್ಲಿ ನಂಬಿಕೆ. ನಿಮ್ಮ ಮನೆಯ ಹಿರಿಯರೂ ಇದಕ್ಕಾಗಿ ನಿಮ್ಮ ಕೈಮೇಲೆ ಹೊಡೆದಿರಬಹುದು. ಕಾಯಿ ಕೊಳೆಯುವುದು ಔಷಧಿ ಹೊಡೆಯದೆ, ಬೆರಳಿನಿಂದಲ್ಲ ಎಂದು ಅಪ್ಪ ಗೊಣಗುತ್ತಿದ್ದ. ಗೊಣಗುವಾಗಲೂ ಬೆರಳು ಮಡಿಸಿಯೇ ತೋರಿಸುತ್ತಿದ್ದ.

ಇನ್‌ಸ್ಪೆಕ್ಟರ್ ಬಂದ ದಿನ ಅತ್ತೆ ನಮ್ಮನ್ನೆಲ್ಲ ಶಾಲೆಯ ಬೇಲಿಯ ಹತ್ತಿರ ನಿಲ್ಲಿಸಿದಳು. ಬೇಲಿಯ ಮೇಲೆ ಹೀರೆಬಳ್ಳಿ ಹಬ್ಬಿ ಆಗತಾನೇ ಹೀಚು ಬಿಟ್ಟಿತ್ತು. ಒಂದು ಎಲೆಯನ್ನು ಅಂಗೈಯಲ್ಲಿ ಹಿಡಿದು "ದಿಸ್ ಲೀಫ್ ಈಸ್ ಗ್ರೀನ್" ಎಂದಳು, ನಾವೂ ಕಿರುಚಿದೆವು. ಆಮೇಲೆ ಎಳೆಯ ಹೀರೆಕಾಯಿಯತ್ತ ಬೆರಳು ಮಡಿಸಿ "ದಟ್ ಈಸ್ ಸ್ಮಾಲ್" ಎಂದಳು. ಇನ್‌ಸ್ಪೆಕ್ಟರ್ ತಡೆದರು. "ಏನಮ್ಮಾ, ಬೆರಳಿಗೆ ಏನಾಗಿದೆ? ನೆಟ್ಟಗೆ ತೋರ್ಸಿ, ಮಕ್ಕಳಿಗೆ ಕಾಣ್ಬೇಕಲ್ಲ." ಅತ್ತೆಯ ಮುಖ ಕೆಂಪಾಯಿತು. ಬೆರಳು ಅರ್ಧ ಬಿಚ್ಚಿತು, ಮತ್ತೆ ಮಡಿಸಿಕೊಂಡಿತು. ಪುಸ್ತಕದ ಕನ್ನಡವನ್ನು ಅಷ್ಟು ಕಷ್ಟಪಟ್ಟು ಕಲಿತಿದ್ದವಳು ಮನೆಯ ಮಾತಿಗೇ ಇಳಿದುಬಿಟ್ಟಳು: "ಆಗಾಕಿಲ್ಲ ಸಾರ್. ಈಚು ಬಿಟ್ಟದೆ, ಕೊಳ್ತೋಯ್ತದೆ." ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಇಂಥ ಮೂಢನಂಬಿಕೆ ಇಟ್ಟುಕೊಂಡವರನ್ನು ಕಾಯಂ ಮಾಡಲಾಗದು ಎಂದು ಹೆಡ್‌ಮಾಸ್ತರರಿಗೆ ಹೇಳಿ, ಸೈಕಲ್ ಹತ್ತಿ ಹೋದರು.

ಮನೆಗೆ ಬಂದ ಅತ್ತೆ ಚಪ್ಪರದ ಕಂಬಕ್ಕೆ ಒರಗಿ ಅತ್ತಳು. ನಡೆದದ್ದನ್ನು ತಾತನಿಗೆ ಹೇಳಿದವಳು ನಾನು. ಅವನು ಟವೆಲ್ ಹೆಗಲಿಗೆ ಹಾಕಿಕೊಂಡು ಯಲಹಂಕಕ್ಕೆ ಹೊರಟ. ಅತ್ತೆಯ ಅಳು ಇನ್ನೂ ಜೋರಾಯಿತು. ಹೊತ್ತು ಮುಳುಗಿದ ಮೇಲೆ ಬಂದವನು ಕಾಲು ತೊಳೆಯುತ್ತಲೇ ಹೇಳಿದ: "ಬ್ಯಾಡ ಅಂದು ಬಂದೆ. ಸಾಹೇಬ್ರೇ ಏಳುದ್ರೂ ಬಳ್ಳಿಗೆ ಬೆರಳು ಮಾಡ್ನಿಲ್ಲ ನನ್ ಮಗ್ಳು. ಅವಳ್ನ ಇಷ್ಟ ಇಲ್ದಿದ್ ಮನೆಗೆ ನಾನ್ ಎಂಗ್ ತಳ್ಳಲಿ? ಇನ್ನೊಬ್ಬ ಇನ್‌ಸ್ಪೆಟ್ರು ಬತ್ತಾನೆ, ಪಾಠ ಏಳು ಓಗು." ಹಾಗೆಯೇ ಇನ್ನೊಬ್ಬರು ಬಂದರು. ಅತ್ತೆ ಕಾಯಂ ಆದಳು, ನಿವೃತ್ತಿಯವರೆಗೂ ಬೆರಳು ಮಡಿಸಿಯೇ ಪಾಠ ಹೇಳಿದಳು.

ತಾತ ಹೋದ, ಚಪ್ಪರ ಹೋಯಿತು, ತೋಟ ಸೈಟುಗಳಾಯಿತು. ಹೋದ ವರ್ಷ ಶೇಷತ್ತೆಯೂ ಹೋದಳು. ಅವಳಿಲ್ಲದ ಮೇಲೆ ಆ ಮನೆಯ ವಿಷಯ ಮಾತಾಡಲು ನನಗೆ ಯಾರೂ ಇಲ್ಲ, ಅದೇ ದೊಡ್ಡ ಸಂಕಟ. ದ್ರಾಕ್ಷಿ ತಿಂದ ಮರುದಿನ ಮೊಮ್ಮಗಳನ್ನು ಅಮೃತಹಳ್ಳಿಗೆ ಕರೆದುಕೊಂಡು ಹೋದೆ. "ನಿಮ್ಮ ಚಪ್ಪರ ಎಲ್ಲಿತ್ತು ಅಜ್ಜಿ?" ಎಂದಳು. ಅಭ್ಯಾಸಬಲದಿಂದ ಬೆರಳು ಮಡಿಸಿಕೊಂಡೇ ಮೇಲೆದ್ದಿತು. ಎದುರಿಗೆ ಅಪಾರ್ಟ್‌ಮೆಂಟಿನ ಗೇಟು, ಸಾಲಾಗಿ ನಿಂತ ಕಾರುಗಳು, ಸಿಮೆಂಟಿನ ನೆಲ. ಬೆರಳನ್ನು ನೆಟ್ಟಗೆ ಮಾಡಿ ತೋರಿಸಿದೆ. ಕೊಳೆಯುವಂಥದ್ದು ಅಲ್ಲಿ ಏನೂ ಉಳಿದಿರಲಿಲ್ಲ.